ಬಟಾಟಿ ಹೆಚ್ಚಿದವರ ಕಥಿ

ಈಗಿನ ಹುಡುಗರಿಗೆ ಫ್ರೆಂಚ್ ಫ್ರೈಸ್ ಅಂದ್ರ ಒಂದ ಆಕಾರ. ಬೆರಳಿನಷ್ಟು ಉದ್ದ, ನಾಲ್ಕೂ ಮಗ್ಗಲು ಸಮ. ನಾವು ಮನ್ಯಾಗ ಬಟಾಟಿನ ಬಿಲ್ಲಿ ಬಿಲ್ಲಿ ಹೆಚ್ಚಿ ಕರದು ಕೊಟ್ರ “ಇದು ಫ್ರೈಸ್ ಅಲ್ಲ” ಅಂತ ತಾಟು ಸರಸ್ತಾವ. ಅದಕ್ಕ ಈ ಕಡ್ಡಿ ಎಲ್ಲಿಂದ ಬಂತು ಅಂತ ಓದಕೋತ ಹೋದೆ. ಓದಿದ ಮ್ಯಾಲೆ ಧೈರ್ಯದಿಂದ ಹೇಳ್ತೇನಿ, ಬಿಲ್ಲೀನ ಹಿರೇದು. ಕಡ್ಡಿ ಆಮ್ಯಾಲೆ ಬಂದದ್ದು.

ಆಕಾರದ ಬಗ್ಗೆ ಒಂದು ಛಂದ ಕಥಿ ಅದ, ಬೆಲ್ಜಿಯಂದವರು ಹೇಳೋದು. ಅಲ್ಲೆ ಮ್ಯೂಸ್ ಅನ್ನೋ ಹೊಳಿ ದಂಡಿ ಮ್ಯಾಲಿನ ಬಡ ಮಂದಿ ಸಣ್ಣ ಸಣ್ಣ ಮೀನು ಕರದು ತಿಂತಿದ್ರಂತ. ಚಳಿಗಾಲದಾಗ ಹೊಳಿ ಹೆಪ್ಪುಗಟ್ಟಿದಾಗ ಮೀನು ಸಿಗದ, ಬಟಾಟಿನ್ನ ಮೀನಿನ ಆಕಾರಕ್ಕ ಹೆಚ್ಚಿ ಕರದ್ರಂತ. ಜೋ ಜೆರಾರ್ ಅನ್ನೋ ಪತ್ರಕರ್ತ ಇದಕ್ಕ 1781ರ ಒಂದು ಕೈಬರಹದ ಆಧಾರ ಕೊಟ್ಟ. ಅದಕ್ಕೂ ನೂರು ವರ್ಷ ಹಿಂದಿಂದ ಈ ಪದ್ಧತಿ ಇತ್ತು ಅಂದ. ಆದ್ರ ಅಲ್ಲಿಯವರ ಆದ ಇತಿಹಾಸಕಾರ ಪಿಯೆರ್ ಲೆಕ್ಲೆರ್ಕ್ ಇದನ್ನ ಒಪ್ಪಂಗಿಲ್ಲ. ಆ ಸೀಮಿಗೆ ಬಟಾಟಿ ಬಂದದ್ದ 1735ರ ಸುಮಾರಿಗೆ, ಮತ್ತ ಬಡವರ ಮನ್ಯಾಗ ಬಾಣಲಿ ತುಂಬ ಕಾಸೋವಷ್ಟು ಕೊಬ್ಬು ಎಲ್ಲಿತ್ತು ಅಂತ ಕೇಳ್ತಾರ. ಎರಡನೇ ಮಾತು ನಮಗ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಎಣ್ಣಿ ಡಬ್ಬಿ ತಿಂಗಳ ಕಡೀ ತನಕಾ ಎಳದವರಿಗೆ ಗೊತ್ತದ, ಕರಿಯೋದು ಅನ್ನೋದು ಉಳ್ಳವರ ಅಡಿಗಿ, ಇಲ್ಲಾ ಹಬ್ಬದ ಅಡಿಗಿ.

ಪುಸ್ತಕದಾಗ ಸಿಗೋದು ಬ್ಯಾರೆ. 1817ರಾಗ ಲಂಡನ್ನಿನ್ಯಾಗ ಮೊದಲ ಅಚ್ಚಾದ ವಿಲಿಯಂ ಕಿಚಿನರ್ ಅವರ ಅಡಿಗಿ ಪುಸ್ತಕದಾಗ, ಮುಂದ 1824ರಾಗ ಅಮೇರಿಕಾದ ಮೇರಿ ರಾಂಡಾಲ್ಫ್ ಬರದ ‘ದಿ ವರ್ಜಿನಿಯಾ ಹೌಸ್‌ವೈಫ್’ದಾಗ ಹೆಚ್ಚುಕಡಿಮಿ ಒಂದ ವಿಧಾನ ಅದ. ದೊಡ್ಡ ಬಟಾಟಿ ಸುಲಿದು ಕಾಲು ಇಂಚಿನ ಬಿಲ್ಲಿ ಮಾಡ್ರಿ, ಇಲ್ಲಾ ನಿಂಬಿಹಣ್ಣಿನ ಸಿಪ್ಪಿ ತಗದ್ಹಂಗ ಸುತ್ತಲೂ ರಿಬ್ಬನ್ನಿನಂಗ ಹೆರೀರಿ, ಅರಬಿಯೊಳಗ ಒರಸಿ ಒಣಗಿಸಿ ಕರೀರಿ ಅಂತ. ನೋಡ್ರಿ, ಬಿಲ್ಲಿ ಅದ, ಈಗ ಮಾಲಿನ್ಯಾಗ ಮಾರೋ ಸುರುಳಿ ಅದ, ಕಡ್ಡೀದು ಮಾತ್ರ ಸುದ್ದಿ ಇಲ್ಲ!

ಈ ಮೇರಿ ರಾಂಡಾಲ್ಫ್ ನಮಗ ಗುರ್ತು ಹಿಡಿಯೋ ಹಂಥ ಹೆಣ್ಮಗಳು. ಅಮೇರಿಕಾದ ಅಧ್ಯಕ್ಷ ಥಾಮಸ್ ಜೆಫರ್ಸನ್ನನ ಮಗಳಿಗೆ ನಾದಿನಿ ಆಗಬೇಕು. ಗಂಡನ ಕೆಲಸ ಹೋಗಿ ಮನಿತನ ಸೋತಾಗ ಅಕಿ ರಿಚ್ಮಂಡಿನ್ಯಾಗ ಊಟ-ವಸ್ತಿಯ ಮನಿ ನಡಸಿ ಸಂಸಾರ ಹಿಡದಳು. ಅಷ್ಟು ಹೇಳಿ ಮುಗಿಸಿದ್ರ ಛಂದ ಇರ್ತಿತ್ತು. ಆದ್ರ ಆ ಕಾಲದ ವರ್ಜಿನಿಯಾದ ಇಂಥ ಅಡಿಗಿಮನ್ಯಾಗ ಬಟಾಟಿ ಸುಲೀತಿದ್ದ, ಕಾದ ಕೊಬ್ಬಿನ ಮುಂದ ನಿಂದರ್ತಿದ್ದ ಕೈ ಗುಲಾಮರಾಗಿದ್ದ ಕಪ್ಪು ಮಂದೀದು. ಪುಸ್ತಕದ ಮ್ಯಾಲೆ ಅವರ ಹೆಸರಿಲ್ಲ.

ಜೆಫರ್ಸನ್ನಂದೂ ಅದ ಕಥಿ. ಫ್ರಾನ್ಸಿನಿಂದ ಅಮೇರಿಕಾಕ್ಕ ಫ್ರೈಸ್ ತಂದವ ಅವನ ಅಂತ ಎಲ್ಲಾ ಕಡೆ ಬರೀತಾರ. ಖರೇ ಏನಂದ್ರ, ಅವ 1784ರಾಗ ಪ್ಯಾರಿಸ್ಸಿಗೆ ಹೋಗಬೇಕಾದ್ರ ಜೇಮ್ಸ್ ಹೆಮಿಂಗ್ಸ್ ಅನ್ನೋ ತನ್ನ ಗುಲಾಮ ಹುಡುಗನ್ನ ಕರಕೊಂಡು ಹೋದ, ಹತ್ತೊಂಬತ್ತರ ಹುಡುಗ. ಫ್ರೆಂಚ್ ಅಡಿಗಿ ಕಲತವ ಆ ಹುಡುಗ. ವಾಪಸ್ ಬಂದ ಮ್ಯಾಲೆ ಬಿಡುಗಡಿ ಕೇಳಿದಾಗ, ನಿನ್ನ ಜಾಗಾಕ್ಕ ಇನ್ನೊಬ್ಬಗ ಕಲಿಸಿ ಹೋಗು ಅಂತ ಕರಾರು ಬರಿಸಿಕೊಂಡ್ರು. ಜೇಮ್ಸ್ ತನ್ನ ಸ್ವಂತ ತಮ್ಮ ಪೀಟರಗ ಎಲ್ಲಾ ಕಲಿಸಿ 1796ರಾಗ ಬಿಡಗಡಿ ಆದ. ತಮ್ಮ ಅಲ್ಲೇ ಉಳದ. 1801ರಾಗ ಜೇಮ್ಸ್ ತೀರಿಕೊಂಡ. ನಾ ಇದನ್ನ ಓದಿದ ದಿನದಿಂದ “ಜೆಫರ್ಸನ್ ತಂದ” ಅನ್ನೋ ಮಾತು ಬಾಯಿಗೆ ಬರವಲ್ದು.

ಕಡ್ಡಿ ಹುಟ್ಟಿದ್ದು ಮನ್ಯಾಗ ಅಲ್ಲ, ಪ್ಯಾರಿಸ್ಸಿನ ಓಣ್ಯಾಗ ಅಂತ ಲೆಕ್ಲೆರ್ಕ್ ಅವರ ವಾದ. ಅಲ್ಲೆ ಬೀದಿಬದಿ ಕರದು ಮಾರೋ ಹೆಂಗಸರಿದ್ರು. ಅವರೂ ಮೊದಲ ಬಿಲ್ಲೀನ ಕರೀತಿದ್ರು. ಹತ್ತೊಂಬತ್ತನೇ ಶತಮಾನದಾಗ ಕಡ್ಡಿ ಬಂದು ಬಿಲ್ಲಿನ್ನ ಮೂಲಿಗೆ ತಳ್ಳಿತು. ಕಾರಣ ಏನಿರಬಹುದು ಅಂತ ನಮ್ಮ ಬಾಣಲಿ ಮುಂದ ನಿಂತು ವಿಚಾರ ಮಾಡ್ರಿ. ಬಿಲ್ಲಿ ಒಂದರ ಮ್ಯಾಲೊಂದು ಕುಂತು ಅಂಟಿಕೋತಾವ, ಬಿಡಸಕೋತ ನಿಂದರಬೇಕು. ಕಡ್ಡಿ ಅಡ್ಡಾದಿಡ್ಡಿ ಬಿದ್ದು ನಡುವ ಎಣ್ಣಿಗೆ ಹಾದಿ ಬಿಡ್ತಾವ. ಗಿರಾಕಿ ಎರಡ ಬೆರಳಿನ್ಯಾಗ ಹಿಡದು ತಿನಬಹುದು. ಗಡಿಬಿಡಿ ವ್ಯಾಪಾರಕ್ಕ ಕಡ್ಡೀನ ಬೇಕು. ಪ್ಯಾರಿಸ್ಸಿನ ಪಾಂಟ್ ನ್ಯೂಫ್ ಅನ್ನೋ ಸೇತುವೆ ಹೆಸರಿನ ದಪ್ಪ ಕಡ್ಡಿ, ಸುಮಾರು ಒಂದು ಸೆಂಟಿಮೀಟರಿಂದು, ಇವತ್ತಿಗೂ ಫ್ರೆಂಚ್ ಅಡಗ್ಯಾಗ ಅದ. 1840ರ ದಶಕದಾಗ ಫ್ರೆಡರಿಕ್ ಕ್ರೀಗರ್ ಅನ್ನವ ಪ್ಯಾರಿಸ್ಸಿನ್ಯಾಗ ಕಲತದ್ದನ್ನ ಬೆಲ್ಜಿಯಂದ ಜಾತ್ರಿ ಜಾತ್ರಿಗೆ ಒಯ್ದು ಮಾರಿದ.

ಆಮ್ಯಾಲೆ ದೊಡ್ಡ ಹೊಟೆಲಿನವರು ಹೆಸರಿಡಲಿಕ್ಕೆ ಹತ್ತಿದ್ರು. ಕಡ್ಡಿಪೆಟಗಿ ಕಡ್ಡಿಯಷ್ಟು ಸಣ್ಣದಕ್ಕ ಅಲುಮೆಟ್, ಹುಲ್ಲಿನೆಳಿಯಂಥದಕ್ಕ ಪಾಯ್, ಜಾಳಗಿಯಂಥದಕ್ಕ ಗೋಫ್ರೆಟ್. ಜಾಳಗಿ ಮಾಡೋದು ಭಾಳ ಸರಳ. ಅಲಗಿನ ಹಲ್ಲು ಅಂಕುಡೊಂಕು ಇರ್ತಾವ, ಒಂದು ಸಲ ಹೆರದ ಮ್ಯಾಲೆ ಬಟಾಟಿನ್ನ ಕಾಲು ಸುತ್ತು ತಿರುವಿ ಮತ್ತ ಹೆರದ್ರ ತೂತು ತಾನ ಬೀಳ್ತಾವ.

ಅಂಗಡಿ ಪಾಕೀಟಿನ ಆ ಸಮ ಕಡ್ಡಿ ಮಾತ್ರ ಯಾರ ಕೈಯಿಂದೂ ಅಲ್ಲ. 1960ರ ಸುಮಾರಿಗೆ ಅಮೇರಿಕಾದ ಆರೆಗಾನ್‌ದಾಗ ಗಿಲ್ಬರ್ಟ್ ಲ್ಯಾಂಬ್ ಅನ್ನವ ನೀರಿನ ರಭಸಕ್ಕ ಬಟಾಟಿನ್ನ ಕೊಳವ್ಯಾಗ ಹಾರಿಸಿ, ಎದುರಿಗೆ ಬಿಗಿದ ಅಲಗಿನ ಜಾಳಗಿಗೆ ಹೊಡಿಯೋ ಯಂತ್ರ ಮಾಡಿದ. ಅಲಗು ನಿಂತಲ್ಲೇ ನಿಂತಿರ್ತದ, ಬಟಾಟಿ ಹೋಗಿ ಹಾಯ್ತದ. ನಮ್ಮ ಈಳಿಗಿ ಮಣೀದೂ ಅದ ಲೆಕ್ಕ ಅಲ್ಲೇನ್ರಿ! ನಮ್ಮಲ್ಲೆ ದಿಲ್ಲಿ, ಮುಂಬೈಕ್ಕ 1996ರಾಗ ಮೆಕ್‌ಡೊನಾಲ್ಡ್ಸ್ ಬಂತು, ಅದರ ಹಿಂದ ಆ ಕಡ್ಡಿ ನಮ್ಮ ಮಕ್ಕಳ ಕಣ್ಣಾಗ ಕುಂತುಬಿಡ್ತು.

ನಮ್ಮ ಕಡೆ ಬಟಾಟಿ ಅನ್ನೋ ಹೆಸರ ಪೋರ್ತುಗೀಸರದು. ಹೊರಗಿಂದು ಅಂತ ಭಾಳ ಮನ್ಯಾಗ ಶ್ರಾದ್ಧದ ಅಡಗಿಗೆ ಇವತ್ತಿಗೂ ಹಾಕಂಗಿಲ್ಲ. ಉಳದ ದಿನ ಅದಕ್ಕ ನಮ್ಮವ ಆಕಾರ ಅವ, ಭಜಿಗೆ ಬಿಲ್ಲಿ, ಪಲ್ಯಾಕ್ಕ ಹೋಳು, ಉಪವಾಸಕ್ಕ ಕಿಸಣ್ಯಾಗ ಹೆರದ ಕೀಸು.

ಇನ್ನ ಮನ್ಯಾಗ ಕಡ್ಡೀನ ಬೇಕು ಅಂದ್ರ ದಪ್ಪನ್ನ ಹೆಚ್ಚರಿ. ಸಣ್ಣ ಕಡ್ಡಿಗೆ ಮೈ ಜಾಸ್ತಿ, ಅಷ್ಟೂ ಮೈ ಎಣ್ಣಿ ಹಿಡೀತದ. ಹೆಚ್ಚಿದ ಮ್ಯಾಲೆ ಅರ್ಧಾ ತಾಸು ನೀರಾಗ ಬಿಟ್ಟು ಹಿಟ್ಟಿನಂಶ ತೊಳದು, ಒಣ ಅರಬಿಯೊಳಗ ಒರಸಬೇಕು. ಮೊದಲ ಸಲ ಹದಾ ಕಾವಿನ್ಯಾಗ ಬಣ್ಣ ಬರೂದರಾಗ ತಗದು, ಆರಿಸಿ, ಎರಡನೇ ಸಲ ಜೋರ ಕಾವಿನ್ಯಾಗ ಬಿಡ್ರಿ. ಬಟಾಟಿನ್ನ ಫ್ರಿಜ್ಜಿನ್ಯಾಗ ಇಡಬ್ಯಾಡ್ರಿ, ಥಂಡಿಗೆ ಒಳಗ ಸಕ್ಕರಿ ಕೂಡಿ ಕರದಾಗ ಕರ್ರಗಾಗ್ತಾವ. ಸಂತ್ಯಾಗ ಸಿಗೋ ದುಂಡನ ಬಟಾಟ್ಯಾಗ ಕಡ್ಡಿ ತಗದ್ರ ಅಂಚಿನ ತುಣುಕು ಭಾಳ ಉಳೀತಾವ. ಅವನ್ನ ನೀರಾಗ ಹಾಕಿಟ್ಟು ನಾ ರಾತ್ರಿ ಪಲ್ಯಾಕ್ಕ ಹಚ್ಚತೇನಿ.