ಚೇಳಿನ ಕೊಂಡಿಯಲ್ಲೊಂದು ಮೂಲಾ ನಕ್ಷತ್ರ

"ಹುಡುಗಿ ಎಲ್ಲಾ ರೀತಿಯಲ್ಲೂ ಒಪ್ಪಿಗೆನೇ.. ಆದ್ರೆ ಮೂಲಾ ನಕ್ಷತ್ರ ಅಲ್ವಾ, ಹುಡುಗನ ತಂದೆ ಇದ್ದಾರಲ್ಲ.."

ನಮ್ಮ ಅಕ್ಕನಿಗೆ ಗಂಡು ನೋಡುವಾಗ ಅಮ್ಮ ಫೋನಿನಲ್ಲಿ ಈ ಮಾತು ಕೇಳಿಸಿಕೊಂಡಿದ್ದು ಅದು ನಾಲ್ಕನೇ ಸಲ. ಮೂಲಾ ನಕ್ಷತ್ರದ ಹುಡುಗಿ ಮಾವನಿಗೆ ಆಗಿಬರಲ್ಲ ಅನ್ನೋದು ನಿಮಗೆಲ್ಲ ಗೊತ್ತಿರುವ ಮಾತೇ. ಹಾಗೇ ಜ್ಯೇಷ್ಠಾ ಗಂಡನ ಅಣ್ಣನಿಗೆ, ವಿಶಾಖಾ ಮೈದುನನಿಗೆ, ಆಶ್ಲೇಷಾ ಅತ್ತೆಗೆ. ಅಮ್ಮ ಫೋನ್ ಇಟ್ಟು ಅಡುಗೆಮನೆಗೆ ಹೋದಳು. ಅಕ್ಕ ಟೀವಿ ವಾಲ್ಯೂಮ್ ಸ್ವಲ್ಪ ಜಾಸ್ತಿ ಮಾಡಿದಳು. ಯಾರೂ ಏನೂ ಮಾತಾಡಲಿಲ್ಲ.

ನನಗೆ ಮಾತ್ರ ಒಂದು ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. ಈ ಮೂಲಾ ಅನ್ನೋದು ಆಕಾಶದಲ್ಲಿ ಎಲ್ಲಿದೆ? ಇಷ್ಟೆಲ್ಲಾ ಆಪಾದನೆ ಹೊತ್ತಿರುವ ಆ ನಕ್ಷತ್ರವನ್ನು ನಮ್ಮ ಮನೆಯಲ್ಲಿ ಯಾರೂ ಒಂದು ಸಲವೂ ಕಣ್ಣಾರೆ ನೋಡಿರಲಿಲ್ಲ. ಹುಡುಕುತ್ತಾ ಹೋದಾಗ ಸಿಕ್ಕಿದ್ದು ಒಂದು ಚೇಳು. ವೃಶ್ಚಿಕ.

ತಮಾಷೆ ಅಂದ್ರೆ ಮದುವೆ ಮಾತುಕತೆಯಲ್ಲಿ ಕೆಟ್ಟ ಹೆಸರು ಪಡೆದ ನಾಲ್ಕು ನಕ್ಷತ್ರಗಳಲ್ಲಿ ಮೂರು ಈ ಒಂದೇ ಚೇಳಿನ ಮೈಮೇಲಿವೆ. ಮುಂದಿನ ಇಕ್ಕಳಗಳಲ್ಲಿ ವಿಶಾಖಾ, ಎದೆಯಲ್ಲಿ ಜ್ಯೇಷ್ಠಾ, ಬಾಲದ ತುದಿಯ ಕೊಂಡಿಯಲ್ಲಿ ಮೂಲಾ. ತಲೆಯ ಭಾಗದಲ್ಲಿರುವ ಅನುರಾಧಾ ಒಂದು ಪಾರಾಗಿದೆ. "ಇಕ್ಕಳ ಇರೋದು ತುಲಾ ರಾಶಿಯಲ್ಲಲ್ವಾ?" ಅಂತ ನೀವು ಕೇಳಬಹುದು. ಅಲ್ಲೇ ಇದೆ ಕಥೆ.

ಈ ನಕ್ಷತ್ರಗಳ ಗುಂಪು ಚೇಳಿನ ಹಾಗೆ ಕಾಣುತ್ತೆ ಅಂತ ಮೊದಲು ಬರೆದಿಟ್ಟವರಲ್ಲಿ ಇಂದಿನ ಇರಾಕಿನಲ್ಲಿದ್ದ ಬ್ಯಾಬಿಲೋನಿಯಾದವರು ಪ್ರಮುಖರು. ಕ್ರಿಸ್ತಪೂರ್ವ 1000ದ ಸುಮಾರಿಗೆ ಸಂಕಲನಗೊಂಡ 'ಮುಲ್ ಅಪಿನ್' ಎಂಬ ನಕ್ಷತ್ರಪಟ್ಟಿಯಲ್ಲಿ ಚೇಳು ಇದೆ. ಅದರ ಮುಂದಿರುವ ನಕ್ಷತ್ರಗಳಿಗೆ ಅವರು ತಕ್ಕಡಿ ಅಂತಲೂ ಕರೆದರು, ಚೇಳಿನ ಕೊಂಬು ಅಂತಲೂ ಕರೆದರು. ಗ್ರೀಕರು ಚೇಳನ್ನು ಮಾತ್ರ ಇಟ್ಟುಕೊಂಡರು. ಕ್ರಿಸ್ತಶಕ 150ರ ಸುಮಾರಿನಲ್ಲಿ ಟಾಲೆಮಿ ತನ್ನ ನಕ್ಷತ್ರಪಟ್ಟಿಯಲ್ಲಿ ತುಲಾದ ತಾರೆಗಳಿಗೆ ಕೊಟ್ಟ ಹೆಸರು 'ಇಕ್ಕಳಗಳು' ಅಂತಲೇ. ರೋಮನ್ನರ ಕಾಲಕ್ಕೆ ತಕ್ಕಡಿ ಮತ್ತೆ ಜನಪ್ರಿಯವಾಯಿತು. ಆಗ ಹಗಲು-ರಾತ್ರಿ ಸಮವಾಗುವ ಶರತ್ಕಾಲದ ದಿನದ ಹೊತ್ತಿಗೆ ಸೂರ್ಯ ತುಲಾ ರಾಶಿಗೆ ಬರುತ್ತಿದ್ದ. ಹಾಗಾಗಿ ತಕ್ಕಡಿ ಅನ್ನೋ ಹೆಸರು ಚೆನ್ನಾಗಿ ಹೊಂದಿಕೊಂಡಿತು. ಆದರೆ ಆ ಎರಡು ಮುಖ್ಯ ತಾರೆಗಳ ಅರಬ್ಬೀ ಹೆಸರು ಇವತ್ತಿಗೂ ಬದಲಾಗಿಲ್ಲ. ಜುಬೆನೆಲ್‌ಜೆನುಬಿ ಅಂದ್ರೆ ದಕ್ಷಿಣದ ಇಕ್ಕಳ, ಜುಬೆನೆಶ್ಚಮಾಲಿ ಅಂದ್ರೆ ಉತ್ತರದ ಇಕ್ಕಳ. ಹಳೇ ಸಾಫ್ಟ್‌ವೇರಿನಲ್ಲಿ ಫೀಚರ್ ಬದಲಾದರೂ ವೇರಿಯಬಲ್ ಹೆಸರು ಹಾಗೇ ಉಳಿದುಬಿಡುತ್ತಲ್ಲ, ಹಾಗೆ.

ಗ್ರೀಕರ ಪುರಾಣದಲ್ಲಿ ಈ ಚೇಳು ಬೇಟೆಗಾರ ಓರಿಯನ್‌ನನ್ನು ಕುಟುಕಿ ಕೊಂದದ್ದು. ಭೂಮಿಯ ಮೇಲಿನ ಪ್ರಾಣಿಗಳನ್ನೆಲ್ಲ ಕೊಲ್ತೀನಿ ಅಂತ ಅವನು ಜಂಬ ಕೊಚ್ಚಿಕೊಂಡಾಗ ಭೂದೇವಿ ಗೈಯಾ ಇದನ್ನು ಕಳಿಸಿದಳಂತೆ. ಅದಕ್ಕೇ ಪೂರ್ವದಲ್ಲಿ ಚೇಳು ಏಳುವಾಗ ಪಶ್ಚಿಮದಲ್ಲಿ ಓರಿಯನ್ ಮುಳುಗುತ್ತಾನೆ. ಚೀನಾದವರಿಗೆ ಇದೇ ಜಾಗ ಒಂದು ಮಹಾ ಡ್ರ್ಯಾಗನ್ನಿನ ಹೃದಯ. ಹವಾಯಿಯವರಿಗೆ ಇದು ಮಾವಿ ಎಂಬ ವೀರನ ಮೀನಿನ ಗಾಳ. ಬಾಲದ ತಿರುವು ನೋಡಿದ್ರೆ ಗಾಳ ಅನ್ನೋದೂ ಸರಿಯಾಗೇ ಇದೆ!

ಇನ್ನು ನಮ್ಮ ಕಡೆ ಬರೋಣ. ವೇದಕಾಲದವರ ಆಕಾಶದಲ್ಲಿ ಮೇಷ ವೃಷಭ ಇತ್ಯಾದಿ ಹನ್ನೆರಡು ರಾಶಿಗಳಿರಲಿಲ್ಲ. ಇದ್ದದ್ದು ನಕ್ಷತ್ರಗಳು, ಅಂದರೆ ಚಂದ್ರ ದಿನಕ್ಕೊಂದರಂತೆ ತಂಗುವ 27 ಅಥವಾ 28 ಮನೆಗಳು. ರಾಶಿಗಳು ಬಂದದ್ದು ಗ್ರೀಕರ ಸಂಪರ್ಕದಿಂದ, ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ. 6ನೇ ಶತಮಾನದ ವರಾಹಮಿಹಿರ ತನ್ನ 'ಬೃಹಜ್ಜಾತಕ'ದಲ್ಲಿ ರಾಶಿಗಳ ಗ್ರೀಕ್ ಹೆಸರುಗಳನ್ನೂ ಕೊಟ್ಟಿದ್ದಾನೆ. ತುಲಾಕ್ಕೆ ಜೂಕ, ವೃಶ್ಚಿಕಕ್ಕೆ ಕೌರ್ಪಿ. ಕೌರ್ಪಿ ಅಂದ್ರೆ ಬೇರೇನಲ್ಲ, ಗ್ರೀಕಿನ ಸ್ಕಾರ್ಪಿಯೋಸ್!

ಹೀಗೆ ಎರಡು ಬೇರೆ ಬೇರೆ ವ್ಯವಸ್ಥೆಗಳನ್ನು ಒಂದಕ್ಕೊಂದು ಅಂಟಿಸಿದರು. 360 ಡಿಗ್ರಿಯನ್ನು ಒಂದು ಕಡೆ 12ರಿಂದ, ಇನ್ನೊಂದು ಕಡೆ 27ರಿಂದ ಭಾಗಿಸಿದರೆ ಗೆರೆಗಳು ಎಲ್ಲಾ ಕಡೆ ಕೂಡುವುದಿಲ್ಲ. ವಿಶಾಖಾದ ಮೂರು ಪಾದ ತುಲಾದಲ್ಲಿ, ಒಂದು ಪಾದ ವೃಶ್ಚಿಕದಲ್ಲಿ. ಮೂಲಾ ನಕ್ಷತ್ರವಂತೂ ಪೂರ್ತಿ ಧನು ರಾಶಿಯ ಲೆಕ್ಕಕ್ಕೆ. ನಮ್ಮ ಅಕ್ಕನ ಜಾತಕದಲ್ಲೂ ಧನು ರಾಶಿ, ಮೂಲಾ ನಕ್ಷತ್ರ ಅಂತಲೇ ಇದೆ. ಆಕಾಶ ನೋಡಿದರೆ ಆ ತಾರೆಗಳು ಚೇಳಿನ ಬಾಲ. ಜಾತಕ ಒಂದು ಹೇಳುತ್ತೆ, ಕಣ್ಣು ಇನ್ನೊಂದು ಹೇಳುತ್ತೆ.

ಸರಿ, ಭಯ ಎಲ್ಲಿಂದ ಬಂತು? ಹಳೆಯದನ್ನು ಹುಡುಕಿದರೆ ಪೂರ್ತಿ ನಿರಾಳ ಆಗೋ ಹಾಗೂ ಇಲ್ಲ. ತೈತ್ತಿರೀಯ ಬ್ರಾಹ್ಮಣದಲ್ಲಿ ಈ ಎರಡು ನಕ್ಷತ್ರಗಳ ಹೆಸರು ಜ್ಯೇಷ್ಠಘ್ನೀ ಮತ್ತು ಮೂಲಬರ್ಹಣೀ. ಹಿರಿಯನನ್ನು ಕೊಲ್ಲುವುದು, ಬೇರು ಕೀಳುವುದು. ಕೇಳಿದರೆ ಎದೆ ಝಲ್ಲೆನ್ನುತ್ತೆ. ಆದರೆ ಅಲ್ಲಿ ಕೊಟ್ಟಿರುವ ಅರ್ಥ, ಶತ್ರುಗಳ ಹಿರಿಯನನ್ನು ಕೊಂದೆವು, ಶತ್ರುಗಳ ಬೇರನ್ನು ಕಿತ್ತೆವು ಅಂತ. ಅದು ಗೆಲುವಿನ ಮಾತು. ಅಥರ್ವವೇದದ ಒಂದು ಸೂಕ್ತದಲ್ಲಿ ಜ್ಯೇಷ್ಠಘ್ನಿಯಲ್ಲಿ ಹುಟ್ಟಿದ ಮಗುವಿನ ಬಗ್ಗೆ ಆತಂಕ ಇದೆ, ನಿಜ. ಆ ಆತಂಕದಲ್ಲಿ ಮಗುವಿನ ಆಯುಸ್ಸೂ ಸೇರಿದೆ. ಮಗು ನೂರು ಶರದೃತು ಬಾಳಲಿ ಅಂತ ಅಗ್ನಿಯಲ್ಲಿ ಬೇಡಿಕೊಳ್ಳುತ್ತಾರೆ. ಸೊಸೆ, ಮಾವ, ಮೈದುನ ಯಾರೂ ಆ ಸೂಕ್ತದಲ್ಲಿ ಇಲ್ಲ.

ಇನ್ನೊಂದು ವಿಷಯ ಗೊತ್ತಾದಾಗ ನಾನು ಕುರ್ಚಿಯಿಂದ ಎದ್ದು ಕೂತೆ. ಚೇಳಿನ ಕೊಂಡಿಯಲ್ಲಿ ಪಕ್ಕಪಕ್ಕದಲ್ಲೇ ಎರಡು ತಾರೆಗಳಿವೆ, ಈಗಿನ ಹೆಸರು ಶೌಲಾ ಮತ್ತು ಲೆಸಾತ್. ಅಥರ್ವವೇದದವರು ಇವನ್ನು 'ವಿಚೃತೌ' ಎಂದರು, ಅಂದರೆ ಬಿಡಿಸುವ ಇಬ್ಬರು. ವಂಶದಿಂದ ಬರುವ ಕಾಯಿಲೆಯ ಕಟ್ಟುಗಳನ್ನು ಬಿಡಿಸಿ ಅಂತ ಈ ಜೋಡಿಯನ್ನು ಪ್ರಾರ್ಥಿಸುತ್ತಿದ್ದರು. ಒಂದು ಕಾಲಕ್ಕೆ ಮನೆಯವರ ಕಾಯಿಲೆ ಬಿಡಿಸಿ ಅಂತ ಕೈಮುಗಿಸಿಕೊಂಡ ತಾರೆಗಳು ಇವತ್ತು ಮಾವನನ್ನು ಕೊಲ್ಲುವ ಆಪಾದನೆ ಹೊತ್ತಿವೆ. ತಾರೆಗಳು ಅಲ್ಲೇ ಇವೆ, ಕಥೆ ಬದಲಾಗಿದೆ.

ಜ್ಯೇಷ್ಠಾದ ಕಥೆಯೂ ಅಷ್ಟೇ. ಚೇಳಿನ ಎದೆಯಲ್ಲಿರುವ ಈ ಕೆಂಪು ನಕ್ಷತ್ರಕ್ಕೆ ಗ್ರೀಕರು ಅಂಟಾರಿಸ್ ಅಂದರು, ಮಂಗಳನ ಪ್ರತಿಸ್ಪರ್ಧಿ ಅಂತ. ನಮ್ಮವರು ಇಂದ್ರನನ್ನೇ ಅದರ ದೇವತೆ ಮಾಡಿದರು. ಇದು ಸೂರ್ಯನಿಗಿಂತ ಸುಮಾರು 700 ಪಟ್ಟು ದೊಡ್ಡ ವ್ಯಾಸದ ದೈತ್ಯ. ಸೂರ್ಯನ ಜಾಗದಲ್ಲಿಟ್ಟರೆ ಭೂಮಿ ಮಾತ್ರ ಅಲ್ಲ, ಮಂಗಳನ ಕಕ್ಷೆಯೂ ಅದರ ಹೊಟ್ಟೆಯೊಳಗೆ. ದೂರ ಸುಮಾರು 550 ಜ್ಯೋತಿರ್ವರ್ಷ. ಅಂದರೆ ಇವತ್ತು ನಮ್ಮ ಕಣ್ಣಿಗೆ ಬೀಳುವ ಬೆಳಕು ಅಲ್ಲಿಂದ ಹೊರಟಾಗ ಹಂಪಿಯಲ್ಲಿ ವಿಜಯನಗರದ ಅರಸರು ಆಳುತ್ತಿದ್ದರು. ಅಷ್ಟು ಹಳೆಯ ಬೆಳಕಿಗೆ ಯಾರದೋ ಮನೆಯ ಭಾವನ ಆಯುಸ್ಸಿನ ಲೆಕ್ಕ ಹೇಗೆ ಗೊತ್ತಾಗಬೇಕು?

ಇದೇ ಜ್ಯೇಷ್ಠಾದ ಹತ್ತಿರ ಹುಣ್ಣಿಮೆ ಚಂದ್ರ ಬರುವ ತಿಂಗಳಿಗೆ ಜ್ಯೇಷ್ಠ ಮಾಸ ಅಂತ ಹೆಸರು. ಆ ಹುಣ್ಣಿಮೆಯೇ ನಮ್ಮೂರ ಕಡೆ ಕಾರ ಹುಣ್ಣಿಮೆ. ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು ಓಡಿಸ್ತಾರೆ. ಎತ್ತಿಗೆ ಶುಭವಾದ ನಕ್ಷತ್ರ ಹೆಣ್ಣುಮಗಳಿಗೆ ಯಾಕೆ ಅಶುಭ?

ಪಾರಾದ ಅನುರಾಧಾದ ಸುದ್ದಿಯನ್ನೂ ಹೇಳಿಬಿಡ್ತೀನಿ. ಅದರ ನಡುವಿನ ನಕ್ಷತ್ರ ಚುಬ್ಬಾ 2000ರಲ್ಲಿ ಇದ್ದಕ್ಕಿದ್ದಂತೆ ಹೊಳಪು ಹೆಚ್ಚಿಸಿಕೊಂಡಿತು. ಬರಿಗಣ್ಣಿಗೇ ಗೊತ್ತಾಗುವಷ್ಟು. ನಕ್ಷತ್ರವೇ ಬದಲಾದರೂ ಜಾತಕ ಕೂಡಿಸುವ ಕೋಷ್ಟಕದಲ್ಲಿ ಒಂದು ಅಂಕಿಯೂ ಬದಲಾಗಲಿಲ್ಲ. ಆಕಾಶವನ್ನು ನೋಡದೇ ಇರುವ ಲೆಕ್ಕಕ್ಕೆ ಆಕಾಶದಲ್ಲಿ ಏನಾದರೆ ಏನು ಬಿಡಿ.

ಕೊನೆಗೆ ಒಂದು ಭಾಗಾಕಾರ. ಚಂದ್ರ 27 ಮನೆಗಳನ್ನು ಸುಮಾರು 27.3 ದಿನದಲ್ಲಿ ಸುತ್ತುತ್ತಾನೆ. ಅಂದರೆ ಹೆಚ್ಚು ಕಡಿಮೆ 27 ಜನರಲ್ಲಿ ಒಬ್ಬರದು ಮೂಲಾ ನಕ್ಷತ್ರ. 2011ರ ಜನಗಣತಿಯಲ್ಲಿ ಭಾರತದ ಮಹಿಳೆಯರ ಸಂಖ್ಯೆ ಸುಮಾರು 58.7 ಕೋಟಿ. ಅದರಲ್ಲಿ ಎರಡು ಕೋಟಿಗೂ ಹೆಚ್ಚು ಮೂಲಾದವರು. ಇವರೆಲ್ಲರ ಮಾವಂದಿರು ಬೇಗ ಹೋಗಿಬಿಡುವ ಹಾಗಿದ್ದರೆ ಅದನ್ನು ಕಂಡುಹಿಡಿಯೋಕೆ ಜ್ಯೋತಿಷಿಗಳು ಬೇಕಾಗ್ತಿರಲಿಲ್ಲ, ಎಲ್ಐಸಿಯವರೇ ಪ್ರೀಮಿಯಂ ಏರಿಸಿರೋರು.

ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು "ನಾನು ನಂಬ್ತೀನಾ ಬಿಡ್ತೀನಾ ಅನ್ನೋದಲ್ಲ ಕಣೋ, ಆ ಕಡೆಯವರು ನಂಬ್ತಾರಲ್ಲ" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಎಲ್ಲರ ಮನೆಯಲ್ಲೂ ಇದೇ ಮಾತು ಇರಬೇಕು. ಎರಡೂ ಕಡೆಯವರು 'ಆ ಕಡೆಯವರು' ಅಂತಲೇ ಹೇಳ್ತಾರೆ.

ಮೇ ತಿಂಗಳಲ್ಲಿ ಊರಿಗೆ ಹೋದಾಗ ಒಂದು ರಾತ್ರಿ ಕರೆಂಟ್ ಹೋಯ್ತು. ಹನ್ನೊಂದು ಗಂಟೆ ದಾಟಿತ್ತು. ಅಕ್ಕನನ್ನು ತಾರಸಿಗೆ ಕರೆದುಕೊಂಡು ಹೋಗಿ ಆಗ್ನೇಯ ದಿಕ್ಕಿಗೆ ಕೈ ತೋರಿಸಿದೆ. ಮೊದಲು ಕೆಂಪು ಜ್ಯೇಷ್ಠಾ, ಅಲ್ಲಿಂದ ಕೆಳಗೆ ತಿರುಗುವ ಬಾಲ, ತುದಿಯಲ್ಲಿ ಆ ಜೋಡಿ ತಾರೆ. ಲಂಡನ್ನಿನಲ್ಲಿರುವ ನನ್ನ ಗೆಳೆಯನಿಗೆ ಈ ಕೊಂಡಿ ಕಾಣುವುದೇ ಇಲ್ಲ ಅನ್ನಬಹುದು, ಅಲ್ಲಿ ಅದು ದಿಗಂತದಿಂದ ಮೇಲೇಳೋದೇ ಕಷ್ಟ. ನಮ್ಮೂರಿನಲ್ಲಿ ಮಾತ್ರ ಚೇಳು ಪೂರ್ತಿ ಕಾಣುತ್ತೆ.

"ಇದೇನಾ ನಂದು?" ಅಂತ ಕೇಳಿದಳು ಅಕ್ಕ. ಹೌದು ಅಂದೆ.

ಸ್ವಲ್ಪ ಹೊತ್ತು ನೋಡಿ "ಚೆನ್ನಾಗೇ ಇದೆಯಲ್ಲೋ" ಅಂದಳು.