ಕ್ರೀಟ್‌ನ ಬಡವರ ಊಟ, ನಮ್ಮ ಕೇರಿಯ ಊಟ



ಬರಹ ಸ್ವಲ್ಪ ಉದ್ದ ಐತಿ. ಪುರುಸೊತ್ತು ಮಾಡಿಕೊಂಡು ಪೂರ್ತಿ ಓದ್ರಿ.

ಎದೆನೋವು ಸಾವಕಾರ್ರ ಬೇನೆ ಅನ್ನೋ ಕಾಲ ಹೋಯ್ತು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಕಡೆ ನಮ್ಮ ಕೇರಿಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ನಾನು ಮಣ್ಣಿಗೆ ಹೋಗಿ ಬಂದವರ ಪೈಕಿ ಎಷ್ಟೋ ಮಂದಿ ಇನ್ನೂ ಐವತ್ತು ದಾಟಿರಲಿಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದಾಗ ಇಡೀ ನಾಡು ಅತ್ತಿತು. ಅದೇ ವಯಸ್ಸಿನ ನಮ್ಮ ಕಲ್ಲುಕ್ವಾರಿ ಕೂಲಿ, ಪೌರಕಾರ್ಮಿಕ, ಹಮಾಲಿ ಹೋದರೆ ಕೇರಿ ಮಾತ್ರ ಅಳುತ್ತದೆ.

ನಮ್ಮ ಆಫೀಸಿನ ಡಿ ದರ್ಜೆ ನೌಕರರೊಬ್ಬರು ಸ್ಟೆಂಟ್ ಹಾಕಿಸಿಕೊಂಡು ಬಂದರು. ಆಸ್ಪತ್ರೆಯಲ್ಲಿ ಕೊಟ್ಟ ಊಟದ ಪಟ್ಟಿ ಇಂಗ್ಲಿಷಿನಲ್ಲಿತ್ತು, ನನ್ನ ಕೈಗೆ ಕೊಟ್ಟು ಓದಿಸಿದರು. 'ಮೆಡಿಟರೇನಿಯನ್ ಡಯಟ್' ಅಂತ ಮೇಲೆ ಬರೆದಿತ್ತು. ಆಲಿವ್ ಎಣ್ಣೆ, ಅಕ್ರೋಟ, ಬಾದಾಮಿ, ಸಾಲ್ಮನ್ ಮೀನು. "ಸರ್, ನನಗ ಬಾದಾಮಿ ಅಂದ್ರ ಬಸ್‌ಸ್ಟ್ಯಾಂಡ್ ಅಷ್ಟ ಗೊತ್ತರೀ" ಅಂದರು. ಇಬ್ಬರೂ ನಕ್ಕೆವು. ಆಲಿವ್ ಎಣ್ಣೆ ಲೀಟರಿಗೆ ಸಾವಿರ ರೂಪಾಯಿ ಆಸುಪಾಸು. ಅವರ ಮನೆಯಲ್ಲಿ ದುಡಿಯುವವರು ಅವರೊಬ್ಬರೇ.

ಈ ಮೆಡಿಟರೇನಿಯನ್ ಊಟ ಯಾರ ಊಟ, ಎಲ್ಲಿಂದ ಬಂತು ಅಂತ ಅವತ್ತಿನಿಂದ ಓದಲಿಕ್ಕೆ ಶುರು ಮಾಡಿದೆ. ಓದಿದಷ್ಟೂ ನಮ್ಮ ಕೇರಿಯೇ ಕಣ್ಣಮುಂದೆ ಬಂತು.

ಎರಡನೇ ಮಹಾಯುದ್ಧ ಮುಗಿದ ಮೇಲೆ, 1948ರಲ್ಲಿ, ಅಮೆರಿಕದ ರಾಕ್‌ಫೆಲ್ಲರ್ ಫೌಂಡೇಶನ್‌ನವರು ಗ್ರೀಸ್ ದೇಶದ ಕ್ರೀಟ್ ದ್ವೀಪಕ್ಕೆ ಹೋಗಿ ಸರ್ವೆ ಮಾಡಿದರು. ಅಲ್ಲಿಯವರು ಬಡವರು. ಬೆಟ್ಟ ಹತ್ತಿ ಇಳಿದು ದುಡಿಯುವ ರೈತರು, ಕುರುಬರು. ಕಾಳು, ಸೊಪ್ಪು, ಹಣ್ಣು, ಆಲಿವ್ ಎಣ್ಣೆ ಅವರ ಊಟ. ಮಾಂಸ ಹಬ್ಬಕ್ಕೊಮ್ಮೆ. ನಿಮಗೆ ಏನು ಇಷ್ಟ ಅಂತ ಕೇಳಿದರೆ ಬಹಳ ಮಂದಿ ಹೇಳಿದ್ದು ಮಾಂಸ! ಸಿಗುವ ಊಟ ಸಾಲದು ಅನ್ನೋದು ಅವರ ದೂರು.

ಆಮೇಲೆ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 1958ರಲ್ಲಿ ಏಳು ದೇಶಗಳ ಅಧ್ಯಯನ ಶುರು ಮಾಡಿದ. ಅಮೆರಿಕ, ಫಿನ್ಲೆಂಡ್, ನೆದರ್ಲೆಂಡ್ಸ್, ಇಟಲಿ, ಯುಗೋಸ್ಲಾವಿಯಾ, ಗ್ರೀಸ್, ಜಪಾನ್‌ಗಳಲ್ಲಿ 40ರಿಂದ 59 ವಯಸ್ಸಿನ 12 ಸಾವಿರಕ್ಕೂ ಹೆಚ್ಚು ಗಂಡಸರನ್ನು ವರ್ಷಗಟ್ಟಲೆ ಗಮನಿಸಿದರು. ಬೆಣ್ಣೆ, ಹಾಲು, ಮಾಂಸ ಹೇರಳವಾಗಿದ್ದ ಫಿನ್ಲೆಂಡಿನ ಪೂರ್ವ ಭಾಗದಲ್ಲಿ ಹೃದಯಾಘಾತ ಬಹಳ. ಕ್ರೀಟ್‌ನಲ್ಲಿ ತೀರಾ ಕಡಿಮೆ. ಬಡವರ ತಟ್ಟೆಗೆ ಆಗ ಶ್ರೀಮಂತ ದೇಶಗಳಲ್ಲಿ ಬೆಲೆ ಬಂತು. 2010ರಲ್ಲಿ ಯುನೆಸ್ಕೋ ಅದನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಈಗ ಕ್ರೀಟ್‌ನ ತಟ್ಟೆಯ ಪಕ್ಕಕ್ಕೆ ನಮ್ಮ ತಟ್ಟೆ ಇಡ್ರಿ.

ಅವರದು ಜವೆಗೋದಿಯ ಒಣ ರೊಟ್ಟಿ. ಎರಡು ಸಲ ಬೇಯಿಸಿ ಒಣಗಿಸಿ ವಾರಗಟ್ಟಲೆ ಇಡ್ತಾರೆ, ತಿನ್ನುವಾಗ ನೀರು ಹಚ್ಚಿ ಮೆತ್ತಗೆ ಮಾಡ್ತಾರೆ. ಗೋದಿ ಬ್ರೆಡ್ ಉಳ್ಳವರಿಗೆ, ಜವೆ ಬಡವರಿಗೆ. ನಮ್ಮದು ಜೋಳದ ಕಟಕ ರೊಟ್ಟಿ, ಸಜ್ಜಿ ರೊಟ್ಟಿ. ಅವರು ಹೊಲ, ಗುಡ್ಡದಲ್ಲಿ ತಾನಾಗೇ ಬೆಳೆದ ಸೊಪ್ಪು ಆರಿಸಿ ತಂದು 'ಹೋರ್ತಾ' ಅಂತಾರೆ. ನಮ್ಮ ಅವ್ವಂದಿರು ಕಳೆ ತೆಗೆಯಲಿಕ್ಕೆ ಹೋದವರು ಉಡಿಯಲ್ಲಿ ಹಕ್ಕರಕಿ, ರಾಜಗಿರಿ, ಕಿರಕಸಾಲಿ ಕಟ್ಟಿಕೊಂಡು ಬರ್ತಿದ್ದರು. ಅವರಿಗೆ ಕಡಲೆ, ಅವರೆ ಜಾತಿಯ ಕಾಳು. ನಮಗೆ ಮಡಕಿ, ಹೆಸರು, ಅಲಸಂದಿ, ಹುರುಳಿ. ಅವರಿಗೆ ಆಲಿವ್ ಎಣ್ಣೆ. ನಮಗೆ ಎಣ್ಣೆಗಿಂತ ಹೆಚ್ಚಾಗಿ ಹಿಂಡಿ: ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ. ಗಾಣದ ಎಣ್ಣೆ ಕೊಳ್ಳುವ ತಾಕತ್ತು ಇಲ್ಲದವರು ಕಾಳನ್ನೇ ಕುಟ್ಟಿ ತಿಂದರು, ನಾರಿನ ಸಮೇತ.

ವಿಜ್ಞಾನವೂ ಈ ಹಿಂಡಿಯ ಕಡೆಗೇ ಐತಿ. ಸ್ಪೇನ್‌ನಲ್ಲಿ ಏಳು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಪ್ರೆಡಿಮೆಡ್ ಪ್ರಯೋಗ 2013ರಲ್ಲಿ ಹೊರಬಂತು. ಪ್ರಯೋಗ ನಡೆಸಿದ ಕ್ರಮದಲ್ಲಿ ಲೋಪ ಕಂಡು, 2018ರಲ್ಲಿ ಲೆಕ್ಕವನ್ನು ಮತ್ತೆ ಮಾಡಿ ಪ್ರಕಟಿಸಿದರು. ಫಲಿತಾಂಶ ಹೆಚ್ಚು ಬದಲಾಗಲಿಲ್ಲ. ಈ ಊಟದ ಜೊತೆ ಆಲಿವ್ ಎಣ್ಣೆ ತಿಂದವರಲ್ಲೂ, ದಿನಾ 30 ಗ್ರಾಂ ಅಕ್ರೋಟ, ಬಾದಾಮಿಯಂಥ ಬೀಜ ತಿಂದವರಲ್ಲೂ ಹೃದಯಾಘಾತ, ಪಾರ್ಶ್ವವಾಯು, ಅದರಿಂದಾಗುವ ಸಾವು ಒಟ್ಟಾರೆ ಸುಮಾರು ಶೇ. 30ರಷ್ಟು ಕಡಿಮೆ. ಆಲಿವ್ ಎಣ್ಣೆಯಲ್ಲಿ ಹೆಚ್ಚಾಗಿರುವ ಓಲಿಯಿಕ್ ಆಮ್ಲ ಶೇಂಗಾ ಎಣ್ಣೆಯಲ್ಲೂ ಅರ್ಧದಷ್ಟು ಐತಿ. ಮೀನಿನ ಎಣ್ಣೆಗೆ ಹೆಸರಾದ ಒಮೆಗಾ-3 ಕುಟುಂಬದ ಒಂದು ಕೊಬ್ಬು ಅಗಸಿ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು. ಜೋಳದ ರೊಟ್ಟಿ ತಿಂದರೆ ಹೃದಯಾಘಾತ ಆಗೋದೇ ಇಲ್ಲ ಅಂತ ಇದರ ಅರ್ಥ ಅಲ್ಲ. ಹೃದಯಕ್ಕೆ ಬೇಕಾದ್ದು ನಮ್ಮ ಹೊಲದಲ್ಲೂ ಬೆಳೀತದ ಅನ್ನೋದಷ್ಟೇ ನನ್ನ ಮಾತು.

ಆದರೆ ಬಂಧುಗಳೇ, 'ನಮ್ಮ ಹಿರಿಯರು ಎಷ್ಟು ಆರೋಗ್ಯವಾಗಿ ಉಣ್ತಿದ್ದರು' ಅಂತ ವಾಟ್ಸಪ್‌ನಲ್ಲಿ ಬರುವ ಹಾಡು ನಾನು ಹಾಡಲಾರೆ. ನಮ್ಮ ಹಿರಿಯರು ಹಸಿದಿದ್ದರು.

ಹಳೇ ಬಿಜಾಪುರ ಜಿಲ್ಲೆಗೆ ಒಂದು ಕಾಲಕ್ಕೆ ಕಲಾದಗಿ ಜಿಲ್ಲೆ ಅಂತ ಹೆಸರು. 1876-78ರ ಬರ ಬಾಂಬೆ ಪ್ರಾಂತ್ಯದಲ್ಲಿ ಅತಿ ಹೆಚ್ಚು ಬಡಿದ ಜಿಲ್ಲೆಗಳಲ್ಲಿ ಅದೂ ಒಂದು. ಆಗ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಖರ್ಚು ಉಳಿಸಲಿಕ್ಕೆ ಬರಪರಿಹಾರದ ಕೂಲಿ ಇಳಿಸಿದ. ದಿನವೆಲ್ಲಾ ಕಲ್ಲು ಒಡೆದ ಗಂಡಾಳಿಗೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯದ ಬೆಲೆ, ಮೇಲೆ ಒಂದು ಆಣೆ. ಕೂಲಿಯವರು ಕೆಲಸ ಬಿಟ್ಟು ಪ್ರತಿಭಟಿಸಿದರು. 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಈ ಜಿಲ್ಲೆಯ ಜನಸಂಖ್ಯೆ ಏರುವ ಬದಲು ಇಳಿದುಹೋಯಿತು.

ಬರ ಇಲ್ಲದ ವರ್ಷವೂ ನಮ್ಮ ಕಾಳು ನಮ್ಮ ಕೈಯಲ್ಲಿರಲಿಲ್ಲ. ಊರ ಚಾಕರಿ ಹಗಲು ರಾತ್ರಿ, ಕೂಲಿ ಮಾತ್ರ ಸುಗ್ಗಿಗೆ ಕಣದಲ್ಲಿ ಬೀಳುವ ಆಯ. ಸತ್ತ ದನ ಎಳೆದು ಹಾಕೋದು, ಅದರ ಖಂಡವೇ ಸಂಬಳ. 1874ರ ಬಾಂಬೆ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆ ಈ ವತನದ ಚಾಕರಿಯನ್ನು ಕಾನೂನಿನಲ್ಲೇ ಕಟ್ಟಿಹಾಕಿತ್ತು. ಬಾಬಾಸಾಹೇಬರು 1928ರಲ್ಲಿ ಬಾಂಬೆ ಶಾಸನಸಭೆಯಲ್ಲಿ ಅದಕ್ಕೆ ತಿದ್ದುಪಡಿ ಮಸೂದೆ ತಂದರು. ಅದಕ್ಕೂ ಮೊದಲೇ, 1927ರಲ್ಲಿ ಮಹಾಡ್‌ನಲ್ಲಿ, ಸತ್ತ ದನದ ಮಾಂಸ, ಎಸೆದ ರೊಟ್ಟಿ ಬಿಡಿ ಅಂತ ನಮ್ಮವರಿಗೆ ಕರೆ ಕೊಟ್ಟಿದ್ದರು. ತಟ್ಟೆಯಲ್ಲಿ ಏನಿದೆ ಅನ್ನೋದಕ್ಕಿಂತ ಅದು ಹೇಗೆ ಬಂತು ಅನ್ನೋದು ದೊಡ್ಡದು ಅಂತ ಅವರಿಗೆ ಗೊತ್ತಿತ್ತು.

ನಮ್ಮ ನೆಲದ ಕಥೆಗಳೂ ಇದನ್ನೇ ಹೇಳ್ತಾವು. ಬಾದಾಮಿಯ ಬನಶಂಕರಿಗೆ ಶಾಕಾಂಬರಿ ಅಂತ ಇನ್ನೊಂದು ಹೆಸರು. ಬರಗಾಲದಲ್ಲಿ ಕಾಯಿಪಲ್ಲೆ ಕೊಟ್ಟು ಜನರನ್ನು ಉಳಿಸಿದ ತಾಯಿ ಅಂತ ಕಥೆ. ಪಲ್ಲೇದ ಹಬ್ಬಕ್ಕೆ ಆಕೆಗೆ 108 ಬಗೆಯ ಪಲ್ಲೆ ನೈವೇದ್ಯ. ಹುನಗುಂದ ತಾಲೂಕಿನ ಕೂಡಲಸಂಗಮ ಬಸವಣ್ಣನವರು ಐಕ್ಯವಾದ ಜಾಗ. ಮಾದಾರ ಚೆನ್ನಯ್ಯನ ಅಂಬಲಿಯನ್ನು ಶಿವನೇ ಬಂದು ಉಂಡ ಅನ್ನೋ ಕಥೆ ಶರಣರಿಗೆ ಬಹಳ ಪ್ರಿಯ. ಆ ಕಥೆ ಕೇಳಿ ಕೈಮುಗಿಯುವ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಚೆನ್ನಯ್ಯನ ಮೊಮ್ಮಕ್ಕಳು ಅಂಗಳ ದಾಟುವಂಗಿಲ್ಲ. ಯುನೆಸ್ಕೋ ಪರಂಪರೆ ಅಂತ ಕರೆದದ್ದು ಆಲಿವ್ ಎಣ್ಣೆಯನ್ನಷ್ಟೇ ಅಲ್ಲ, ಒಟ್ಟಿಗೆ ಕೂತು ಉಣ್ಣೋದನ್ನೂ ಸೇರಿಸಿ. ಆ ಭಾಗ ನಮ್ಮ ಡಯಟ್ ಪಟ್ಟಿಯಲ್ಲಿ ಯಾರೂ ಬರೆಯಲ್ಲ.

ಹಾಗಾದರೆ ಆ ತಟ್ಟೆ ಎಲ್ಲಿ ಹೋಯ್ತು?

ಮೊದಲು ಧಾನ್ಯ. ಹಸಿರು ಕ್ರಾಂತಿಯ ಬೆಂಬಲವೆಲ್ಲಾ ಭತ್ತ, ಗೋದಿಗೆ ಹೋಯ್ತು. ನೀರು ಬಂದಲ್ಲಿ ಕಬ್ಬು ನಿಂತಿತು. ಆಲಮಟ್ಟಿ ಹಿನ್ನೀರು ಹಳೇ ಬಾಗಲಕೋಟೆಯ ಜೊತೆ ಎರೆ ಹೊಲಗಳನ್ನೂ ನುಂಗಿತು. ನಾನು ಗುಮಾಸ್ತ, ಫೈಲಿನ ಭಾಷೆ ಗೊತ್ತು. ಪರಿಹಾರದ ಫೈಲಿನಲ್ಲಿ ಹೊಲಕ್ಕೆ, ಮನೆಗೆ, ಗಿಡಕ್ಕೆ ಕಾಲಂ ಇರ್ತದ. ಕೂಲಿಯ ಹೆಣ್ಣುಮಗಳ ಉಡಿಯ ಸೊಪ್ಪಿಗೆ ಕಾಲಂ ಇರೋದಿಲ್ಲ. ಉಳಿದ ಹೊಲಗಳಲ್ಲಿ ಕಳೆನಾಶಕ ಬಂತು. ಕೂಲಿಯೂ ಹೋಯ್ತು, ಸೊಪ್ಪೂ ಹೋಯ್ತು.

2013ರಲ್ಲಿ ಅನ್ನಭಾಗ್ಯ ಬಂತು. ಆ ಅಕ್ಕಿಯನ್ನು ಹೀಯಾಳಿಸುವವರನ್ನು ಕಂಡರೆ ನನಗೆ ಸಿಟ್ಟು ಬರ್ತದ. ಅದು ನಮ್ಮ ಮನೆಗಳಲ್ಲಿ ಒಲೆ ಆರದಂತೆ ನೋಡಿಕೊಂಡಿತು. ಆದರೆ ಜೋಳ ಆಗೊಮ್ಮೆ ಈಗೊಮ್ಮೆ ಬಂದು ನಿಂತಿತು, ಅಕ್ಕಿ ಮಾತ್ರ ತಪ್ಪಲಿಲ್ಲ. ಮೂರು ಹೊತ್ತು ಪಾಲಿಶ್ ಅಕ್ಕಿ, ನೀರಾದ ಸಾರು, ಜೊತೆಗೆ ಉಪ್ಪಿನಕಾಯಿ: ಇದು ಸಕ್ಕರೆ ಕಾಯಿಲೆಗೂ ಬಿಪಿಗೂ ಹಾದಿ. ಸಂತೆಯಲ್ಲಿ ಬಿಳಿಜೋಳ ಈಗ ತುಟ್ಟಿ. ನಮ್ಮನ್ನು 'ಜೋಳದ ನುಚ್ಚು ಉಣ್ಣೋರು' ಅಂತ ಆಡಿಕೊಂಡವರೇ ಈಗ ಸಿರಿಧಾನ್ಯ ಅಂತ ಪ್ಯಾಕೆಟ್ ಕೊಳ್ತಾರೆ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೂ ಆಗಿ ಹೋಯ್ತು.

ಎರಡನೇದು ಎಣ್ಣೆ. ಜೋಳದ ಜೊತೆ ಅಕ್ಕಡಿ ಸಾಲಿನಲ್ಲಿ ಕುಸುಬಿ ಬೆಳೀತಿದ್ದ ಸೀಮೆ ಇದು. 1994ರಿಂದ ತಾಳೆ ಎಣ್ಣೆಯ ಆಮದು ಸಲೀಸಾಯ್ತು. ಈಗ ದೇಶ ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. ಗಾಣ ನಿಂತಿತು, ಕುಸುಬಿ ಬಿತ್ತೋದು ಕಡಿಮೆಯಾಯ್ತು. ಬಸ್‌ಸ್ಟ್ಯಾಂಡಿನ ಮಿರ್ಚಿ ಭಜಿ ಅದೇ ಎಣ್ಣೆಯಲ್ಲಿ ಮತ್ತೆ ಮತ್ತೆ ಕುದೀತದ.

ಮೂರನೇದು ಮೊಟ್ಟೆ, ಮಾಂಸ. ಮೆಡಿಟರೇನಿಯನ್ ಊಟ ಸಸ್ಯಾಹಾರ ಅಂತ ಕೆಲವರು ಭಾಷಣ ಮಾಡ್ತಾರೆ. ಸುಳ್ಳು. ಅದರಲ್ಲಿ ಮೀನು, ಮೊಟ್ಟೆ, ಕೋಳಿ ಇದಾವು. ಕೆಂಪು ಮಾಂಸ ಕಡಿಮೆ, ಅಷ್ಟೇ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮಕ್ಕಳಿಗೆ ಮೊಟ್ಟೆ ಕೊಡಲು ಹೊರಟರೆ ಕೆಲವು ಮಠಾಧೀಶರು ಬೀದಿಗಿಳಿದರು. ಅದೇ ವರ್ಷದ ಆರಂಭದಲ್ಲಿ ಗೋಹತ್ಯೆ ನಿಷೇಧದ ಕಠಿಣ ಕಾನೂನು ಜಾರಿಗೆ ಬಂತು. ಹೃದಯದ ದೃಷ್ಟಿಯಿಂದ ದನದ ಖಂಡ, ಅದರಲ್ಲೂ ಉಪ್ಪು ಹಚ್ಚಿ ಒಣಗಿಸಿದ್ದು, ಕಡಿಮೆ ತಿನ್ನೋದೇ ಒಳ್ಳೇದು. ಅದನ್ನು ನಾವು ತಿಳಿದು ತೀರ್ಮಾನ ಮಾಡ್ತೀವಿ, ಪೊಲೀಸರು ನಮ್ಮ ಗಡಿಗಿ ಇಣುಕಬೇಕಾಗಿಲ್ಲ.

ನಾಲ್ಕನೇದು ತಂಬಾಕು. ಊಟ ಎಷ್ಟು ಚೊಲೋ ಇದ್ದರೂ ಇದು ಕೆಡಿಸ್ತದ. ಗ್ರಾನೈಟ್ ಕ್ವಾರಿಯ ಇಳಕಲ್ಲಿನಲ್ಲೇ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ದುಶ್ಚಟಗಳ ಭಿಕ್ಷೆ ಬೇಡಿದರು. ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧ ಆಯ್ತು. ಕಂಪನಿಗಳು ಪಾನ್ ಮಸಾಲ ಬೇರೆ, ತಂಬಾಕು ಬೇರೆ ಚೀಟಿ ಮಾಡಿದವು. ನಮ್ಮ ಹುಡುಗರು ಎರಡನ್ನೂ ಹರಿದು ಬಾಯಿಗೆ ಹಾಕ್ತಾರೆ.

ಏನು ಮಾಡೋಣ?

ಸರ್ಕಾರದ ಮುಂದೆ: ರೇಷನ್‌ನಲ್ಲಿ ಪ್ರತಿ ತಿಂಗಳು ತಪ್ಪದೇ ಜೋಳ, ತೊಗರಿ. ಎಣ್ಣೆ ಕೊಡುವುದಾದರೆ ಶೇಂಗಾ, ಕುಸುಬಿ ಎಣ್ಣೆ, ಇಲ್ಲಿಯ ರೈತರಿಂದಲೇ ಖರೀದಿ ಮಾಡಿ. ನಮ್ಮ ಹಾಸ್ಟೆಲ್‌ಗಳಲ್ಲಿ ವಾರಕ್ಕೆ ನಾಲ್ಕು ದಿನವಾದರೂ ರೊಟ್ಟಿ, ಕಾಳುಪಲ್ಲೆ, ಮೊಟ್ಟೆ. ಮತ್ತೆ ಭೂಮಿ. 1978ರ ಪಿಟಿಸಿಎಲ್ ಕಾಯ್ದೆಯ ಕೇಸುಗಳು ಇತ್ಯರ್ಥವಾಗಿ, ಕೈತಪ್ಪಿದ ಮಂಜೂರಿ ಜಮೀನು ವಾಪಸ್ ಬರಲಿ. ಸ್ವಂತ ಎರಡು ಎಕರೆ ಇದ್ದವನ ತಟ್ಟೆಯಲ್ಲಿ ಕಾಳು ತಾನಾಗೇ ಬರ್ತದ.

ಮನೆಯಲ್ಲಿ: ದಿನಕ್ಕೆ ಒಂದು ಹೊತ್ತಾದರೂ ರೊಟ್ಟಿ, ಒಂದು ಮುಷ್ಟಿ ಶೇಂಗಾ ಅಥವಾ ಅಗಸಿ ಹಿಂಡಿ, ಒಂದು ಸೊಪ್ಪು, ಒಂದು ಕಾಳು. ಉಪ್ಪು, ಹಪ್ಪಳ, ಕರಿದದ್ದು ಕಡಿಮೆ. ಗಂಡಸರಿಗೆ ಒಂದು ಮಾತು: ಅನ್ನ ಅರ್ಧ ತಾಸಿನಲ್ಲಿ ಆಗ್ತದ, ರೊಟ್ಟಿ ಬಡಿಯಲಿಕ್ಕೆ ಒಂದೂವರೆ ತಾಸು ಬೇಕು. ಹೊಲದಿಂದ ದಣಿದು ಬಂದಾಕಿ ಮೇಲೆ ಆ ಭಾರ ಹೊರಿಸಿ 'ಆರೋಗ್ಯದ ಊಟ' ಕೇಳಬ್ಯಾಡ್ರಿ. ಒಲಿ ಮುಂದ ನೀವೂ ಕುಂಡ್ರಿ.

ಎದೆ ಹಿಂಡಿದಂಗಾದರೆ, ಎಡಗೈ, ದವಡೆ ನೋವು, ತಣ್ಣನೆ ಬೆವರು ಬಂದರೆ 'ಗ್ಯಾಸ್' ಅಂತ ಸೋಡಾ ಕುಡಿದು ಮಲಗಬ್ಯಾಡ್ರಿ. 108ಕ್ಕೆ ಫೋನ್ ಮಾಡಿ ತಾಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸ್ರಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತ. ಅದು ನಿಮ್ಮ ತಾಲೂಕಿನಲ್ಲಿ ಸಿಗ್ತದೋ ಇಲ್ಲೋ ಇವತ್ತೇ ಹೋಗಿ ಕೇಳಿ ಇಟ್ಟುಕೊಳ್ರಿ. ಇಲ್ಲ ಅಂದರೆ ಅರ್ಜಿ ಬರೀರಿ. ಬರೆಯಲಿಕ್ಕೆ ಬರಲ್ಲ ಅಂದರೆ ನನಗೆ ಮೆಸೇಜ್ ಮಾಡ್ರಿ, ನಾನು ಬರೆದುಕೊಡ್ತೀನಿ.

ಜೈ ಭೀಮ್.