ಬಿಟಿಟಿವಿ ಕಾರ್ಡುಗಳ ಪಟ್ಟಿ: ಒಂದು ದಾಖಲೆಯ ಚರಿತ್ರೆ

ಯಂತ್ರದ ಚರಿತ್ರೆಯನ್ನು ಬರೆಯುವವರು ಅದರ ಕೈಪಿಡಿಯನ್ನು ಸಾಮಾನ್ಯವಾಗಿ ಆಧಾರವೆಂದು ಎಣಿಸುವುದಿಲ್ಲ. ಈ ಉಪೇಕ್ಷೆ ಉಚಿತವಲ್ಲವೆಂಬುದಕ್ಕೆ ಲಿನಕ್ಸಿನ ‘ಬಿಟಿಟಿವಿ’ ಡ್ರೈವರಿನ ದಾಖಲೆಗಳು ನಿದರ್ಶನವಾಗಿವೆ.

ಟೆಲಿವಿಷನ್ ಸಂಕೇತವನ್ನು ಗಣಕಯಂತ್ರಕ್ಕೆ ಇಳಿಸಿಕೊಳ್ಳುವ ಕಾರ್ಡುಗಳಲ್ಲಿ 1990ರ ದಶಕದ ಉತ್ತರಾರ್ಧದಲ್ಲಿ ಬ್ರೂಕ್‌ಟ್ರೀ ಸಂಸ್ಥೆಯ ಬಿಟಿ848 ಚಿಪ್ಪು ವಿಶೇಷವಾಗಿ ಬಳಕೆಗೆ ಬಂದಿತು. ರಾಲ್ಫ್ ಮತ್ತು ಮಾರ್ಕಸ್ ಮೆಟ್ಸ್‌ಲರ್ ಅವರು 1996ರಿಂದ ಇದಕ್ಕೆ ಮುಕ್ತ ಡ್ರೈವರನ್ನು ರಚಿಸಿದರು. 1999ರಿಂದ ಗೆರ್ಡ್ ಕ್ನೋರ್ ಆ ಕಾರ್ಯವನ್ನು ಮುಂದುವರಿಸಿದರು. ಚಿಪ್ಪು ಒಂದೇ ಆದರೂ ಕಾರ್ಡುಗಳು ಒಂದೇ ಆಗಿರಲಿಲ್ಲ. ಯಾವ ಟ್ಯೂನರನ್ನು ಕೂಡಿಸಬೇಕು, ಧ್ವನಿಯ ದಾರಿಯನ್ನು ಬದಲಿಸಲು ಚಿಪ್ಪಿನ ಯಾವ ಪಿನ್ನುಗಳನ್ನು ಬಳಸಬೇಕು ಎಂಬುದನ್ನು ತಯಾರಕರು ತಮ್ಮ ತಮ್ಮ ಇಚ್ಛೆಯಂತೆ ನಿರ್ಣಯಿಸಿದ್ದರು. ಅನೇಕ ಕಾರ್ಡುಗಳಲ್ಲಿ ಡ್ರೈವರು ಓದಬಹುದಾದ ಗುರುತೂ ಇರಲಿಲ್ಲ. ಆದುದರಿಂದ ಚಿತ್ರ ಮೂಡಿಯೂ ಧ್ವನಿ ಕೇಳಿಸದಿರುವ ಸಂಭವವಿತ್ತು.

ಈ ಕೊರತೆಯನ್ನು ತುಂಬಿದುದು ‘ಕಾರ್ಡ್‌ಲಿಸ್ಟ್’ ಎಂಬ ಸರಳವಾದ ಪಟ್ಟಿ. ಅದರಲ್ಲಿ 0 ಎಂಬುದು ಅಜ್ಞಾತ ಕಾರ್ಡಿನ ಸ್ಥಾನ. 1 ಮಿರೊ, 2 ಹಾಪಾಗ್. ಕ್ರಮೇಣ ಸಂಖ್ಯೆ 150ನ್ನು ಮೀರಿತು. ಗುರುತು ತಿಳಿಯದ ಕಾರ್ಡಿಗೆ ಬಳಕೆದಾರನೇ ಈ ಸಂಖ್ಯೆಯನ್ನು ಡ್ರೈವರಿಗೆ ಸೂಚಿಸಬೇಕಾಗಿತ್ತು. ಧ್ವನಿಯನ್ನು ಕುರಿತ ಇನ್ನೊಂದು ಟಿಪ್ಪಣಿಯು, ಪಟ್ಟಿಯಲ್ಲಿಲ್ಲದ ಕಾರ್ಡನ್ನು ಪರೀಕ್ಷಿಸಿ ಅದರ ರಚನೆಯನ್ನು ಕಂಡುಕೊಳ್ಳುವ ಕ್ರಮವನ್ನು ತಿಳಿಸಿತು. ಹೀಗೆ ಓದುಗನೇ ಮುಂದಿನ ದಾಖಲೆಗಾರನಾಗಲು ದಾರಿಯಾಯಿತು.

2016ರಿಂದ ಲಿನಕ್ಸಿನ ದಾಖಲೆಗಳು ಹೊಸ ರೂಪವನ್ನು ತಾಳಿದಾಗಲೂ ಈ ಪಟ್ಟಿ ಉಳಿದುಬಂದಿತು. ಕೈಪಿಡಿಯು ಡ್ರೈವರಿಗೆ ಅನುಬಂಧವಲ್ಲ, ಅದರ ಅರ್ಧಾಂಗವೆಂದೇ ನಾವು ಭಾವಿಸುತ್ತೇವೆ. ಏಕೆಂದರೆ ತಯಾರಕರು ಹೇಳದೆ ಬಿಟ್ಟುದನ್ನು ಬಳಕೆದಾರರು ಕೂಡಿಸಿಟ್ಟಿದ್ದಾರೆ.